ಇಬ್ಬರೂ ಕುಡಿದಿದ್ದರು, ಒಂದು ಮಗುವಿಗೆ ಮಾತ್ರ ಯಾಕೆ ಹೀಗಾಯಿತು?

ನಿಮ್ಮ ಅತ್ತಿಗೆ, ಅವರ ಗೆಳತಿ ಇಬ್ಬರೂ ಬಸುರಿಯಲ್ಲಿ ವೀಕೆಂಡ್ ಕುಡಿಯುತ್ತಿದ್ದರು. ಅತ್ತಿಗೆಯ ಮಗ ಚೆನ್ನಾಗಿದ್ದಾನೆ, ಗೆಳತಿಯ ಮಗಳು ಓದಿನಲ್ಲೂ ನಡವಳಿಕೆಯಲ್ಲೂ ಹಿಂದೆ. ಇದು ಜೀನ್ ಆಟವೇ, ನನಗೀಗ 5 ವಾರ, ನನ್ನ ಜೀನ್ ಟೆಸ್ಟ್ ಮಾಡಿಸಿ ನೋಡಬಹುದೇ ಎಂದು ಕೇಳಿದ್ದೀರಿ. ಬಸುರಿಯಲ್ಲಿ ಕುಡಿದ ಮದ್ಯದಿಂದ ಮಗುವಿನ ಮುಖ, ಮಿದುಳಿಗೆ ಆಗುವ ಹಾನಿಗೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎನ್ನುತ್ತಾರೆ.

ಜೀನ್‌ಗೆ ಪಾಲಿದೆ, ಆದರೆ ಅಂಥ ಟೆಸ್ಟ್ ಇಲ್ಲ. ಯಾವುದಾದರೂ ಲ್ಯಾಬ್ 'ಆಲ್ಕೊಹಾಲ್ ಪ್ಯಾನೆಲ್' ಎಂದು ಮಾರಿದರೆ ದುಡ್ಡು ಉಳಿಸಿಕೊಳ್ಳಿ. ಅದು ನಿಮ್ಮ ಲಿವರ್ ಬಗ್ಗೆ ಒಂದೆರಡು ಮಾತು ಹೇಳೀತು. ಮಗುವಿನ ಬಗ್ಗೆ ಹೇಳಲಾರದು, ಅದರ ಅರ್ಧ ಜೀನ್ ಅಪ್ಪನದು.

ಪಾಲಿದೆ ಎನ್ನುವುದಕ್ಕೆ ಒಳ್ಳೆಯ ಸುಳಿವು ಅವಳಿ ಮಕ್ಕಳಿಂದ ಬಂತು. 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುಡಿಯುತ್ತಿದ್ದ ತಾಯಂದಿರ 16 ಜೋಡಿ ಅವಳಿಗಳಿದ್ದವು. ಒಂದೇ ಅಂಡದಿಂದ ಹುಟ್ಟಿದ 5 ಜೋಡಿಗಳಲ್ಲೂ ಇಬ್ಬರಿಗೂ ಒಂದೇ ರೋಗನಿರ್ಣಯ. ಬೇರೆ ಬೇರೆ ಅಂಡದ 11 ಜೋಡಿಗಳಲ್ಲಿ 7ಕ್ಕೆ ಮಾತ್ರ ಹಾಗೆ. ಅದೇ ಹೊಟ್ಟೆ, ಅದೇ ಮದ್ಯ, ಆದರೂ ಬೇರೆ ಫಲ. ಐದು ಜೋಡಿ ಸಣ್ಣ ಲೆಕ್ಕ ನಿಜ, ಆದರೆ ದಿಕ್ಕು ಸ್ಪಷ್ಟ.

ಜೀನ್ ಎರಡು ಕಡೆ ಕೈ ಆಡಿಸುತ್ತದೆ. ತಾಯಿಯ ಎಡಿಎಚ್‌1ಬಿ ಜೀನ್‌ನ ಕೆಲವು ರೂಪಗಳು ಆಲ್ಕೊಹಾಲನ್ನು ಬೇಗ ಒಡೆಯುತ್ತವೆ, ಹಾಗಾಗಿ ರಕ್ತದಲ್ಲಿ ಅದು ಅಷ್ಟು ಏರುವುದಿಲ್ಲ. ಜೊತೆಗೆ ಆಲ್ಕೊಹಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್‌ನಿಂದ ಮೈ ಕಸಿವಿಸಿಯಾಗಿ ಅಂಥ ತಾಯಂದಿರು ಕುಡಿಯುವುದೇ ಕಡಿಮೆ. ಇನ್ನೊಂದು ಕಡೆ ಭ್ರೂಣದ ಸ್ವಂತ ಜೀನ್. ಜೀಬ್ರಾಫಿಶ್ ಮೀನಿನಲ್ಲಿ ಪಿಡಿಜಿಎಫ್‌ಆರ್‌ಎ ಜೀನ್‌ನ ಒಂದು ಪ್ರತಿ ಕೆಟ್ಟಿದ್ದರೂ ಮರಿ ಸರಿಯಾಗೇ ಬೆಳೆಯುತ್ತದೆ. ನೀರಿಗೆ ಆಲ್ಕೊಹಾಲ್ ಸೇರಿಸಿದರೆ ಮುಖದ ಎಲುಬು ಹದಗೆಡುತ್ತದೆ. ಇಲಿಗಳಲ್ಲಿ ಸಿಡಾನ್ ಜೀನ್‌ದೂ ಇದೇ ಕಥೆ. ಎರಡು ಸಣ್ಣ ಕೊರತೆ ಕೂಡಿ ದೊಡ್ಡ ಪೆಟ್ಟಾಗುತ್ತದೆ, ಒಂದೊಂದೇ ಇದ್ದರೆ ತೋರುವುದೇ ಇಲ್ಲ.

ಆದರೂ ನಿಮ್ಮ ಹೋಲಿಕೆಗೆ ಜೀನ್ ಒಂದನ್ನೇ ಹೊಣೆ ಮಾಡಬೇಡಿ. 'ಇಬ್ಬರೂ ಕುಡಿದರು' ಅಂದರೆ ಎಷ್ಟು? ನಮ್ಮಲ್ಲಿ ಸಿಗುವ 42.8 ಪರ್ಸೆಂಟ್ ವಿಸ್ಕಿ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್. 90 ಎಂಎಲ್ ಪ್ಯಾಕೆಟ್‌ನಲ್ಲಿ 30, ಕ್ವಾರ್ಟರ್‌ನಲ್ಲಿ 60. 650 ಎಂಎಲ್ ಬಾಟಲಿಯ 8 ಪರ್ಸೆಂಟ್ ಸ್ಟ್ರಾಂಗ್ ಬಿಯರ್‌ನಲ್ಲಿ 40. 'ಬರೀ ಬಿಯರ್' ಅನ್ನುವವರು ನಾಲ್ಕು ಸಣ್ಣ ಪೆಗ್ ಕುಡಿದಿರುತ್ತಾರೆ. ವಾರಕ್ಕೆ ಹಂಚಿದ 60 ಗ್ರಾಂಗಿಂತ ಒಂದೇ ರಾತ್ರಿಯ 60 ಗ್ರಾಂ ಕೆಟ್ಟದ್ದು, ಯಾಕೆಂದರೆ ಮಾಸು ಆಲ್ಕೊಹಾಲನ್ನು ತಡೆಯುವುದಿಲ್ಲ, ಭ್ರೂಣದ ಲಿವರ್‌ಗೆ ಅದನ್ನು ಒಡೆಯುವ ಶಕ್ತಿ ತೀರಾ ಕಡಿಮೆ, ಗರ್ಭದ ನೀರಿನಲ್ಲಿ ಅದು ಉಳಿದುಕೊಳ್ಳುತ್ತದೆ. ತಾಯಿಯ ಊಟ, ವಯಸ್ಸು, ಎಷ್ಟನೇ ಬಸುರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇನ್ನು ಅತ್ತಿಗೆಯ ಮಗ 'ಚೆನ್ನಾಗಿರುವುದು' ಮುಖ ನೋಡಿ ಹೇಳುವ ಮಾತಲ್ಲ. ಗಮನ, ಗಣಿತದ ತೊಂದರೆ ಶಾಲೆಯಲ್ಲೇ ಬಯಲಾಗುವುದು.

ನಿಮ್ಮ ವಿಷಯ: ಕೊನೆಯ ಮುಟ್ಟಿನಿಂದ 5ನೇ ವಾರ ಎಂದರೆ ಗರ್ಭ ಕಟ್ಟಿ 3 ವಾರ. ಮುಖದ ಅಡಿಪಾಯ ಬೀಳುವ ಹೊತ್ತು ಇದೇ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಇವತ್ತೇ ನಿಲ್ಲಿಸಿದರೆ ಮುಂದಿನದೆಲ್ಲ ಉಳಿತಾಯ. ಆಗಿಹೋದದ್ದನ್ನು ಡಾಕ್ಟರಿಗೆ ಗ್ರಾಂ ಲೆಕ್ಕದಲ್ಲೇ ಹೇಳಿ. ಅರಿಷ್ಟ, ಆಸವಗಳಲ್ಲೂ ಆಲ್ಕೊಹಾಲ್ ಇರುತ್ತದೆ, ಕೇಳದೆ ಬೇಡ. ದಿನಾ ಕುಡಿದು, ಬೆಳಿಗ್ಗೆ ಕೈ ನಡುಗುವ ಮಟ್ಟ ಇದ್ದರೆ ಮಾತ್ರ ಮನೆಯಲ್ಲೇ ಒಮ್ಮೆಗೇ ಬಿಡಬೇಡಿ, ಫಿಟ್ಸ್ ಬರಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಗೆಳತಿಯ ಮಗಳಿಗೆ ಜೀನ್ ಟೆಸ್ಟ್ ಬೇಕು, ಆದರೆ ಬೇರೆ ಕಾರಣಕ್ಕೆ. ಕ್ರೋಮೋಸೋಮ್ ತುಣುಕು ಬಿಟ್ಟುಹೋದಾಗಲೂ, ಉದಾಹರಣೆಗೆ ವಿಲಿಯಮ್ಸ್ ಸಿಂಡ್ರೋಮ್‌ನಲ್ಲಿ, ಮುಖ, ನಡವಳಿಕೆ ಮದ್ಯದ ಹಾನಿಯನ್ನೇ ಹೋಲಬಹುದು. ಮೈಕ್ರೊಅರೇ ಎಂಬ ಜೀನ್ ಟೆಸ್ಟ್ ಮಾಡಿಸಿದರೆ ಅದು ತಿಳಿಯುತ್ತದೆ. ಡಾಕ್ಟರ ಬಳಿ ಹೋಗುವಾಗ ಗೆಳತಿ ತಮ್ಮ 'ತಾಯಿ ಕಾರ್ಡ್' ಒಯ್ಯಲಿ, ಹುಟ್ಟಿದ ತೂಕ, ತಲೆಯ ಸುತ್ತಳತೆ ಬೇಕಾಗುತ್ತದೆ. ಎಳೆ ವಯಸ್ಸಿನ, ಎದುರಿನಿಂದ ತೆಗೆದ, ನಗದೆ ಬಾಯಿ ಮುಚ್ಚಿದ ಫೋಟೊ ಕೂಡ. ನಕ್ಕರೆ ಮೇಲ್ದುಟಿ ತೆಳ್ಳಗಾಗಿ, ಮೂಗಿನ ಕೆಳಗಿನ ತೋಡು ಚಪ್ಪಟೆಯಾಗಿ, ಡಾಕ್ಟರ್ ಮುಖದಲ್ಲಿ ನೋಡುವ ಈ ಗುರುತುಗಳ ಅಳತೆ ತಪ್ಪುತ್ತದೆ.