ಮಾತ್ರೆ ಶುರುವಾದ ಮೇಲೆ ಒಲವು ಮಂಕಾಯಿತೇ?

ಪ್ರಶ್ನೆ: ಖಿನ್ನತೆಗೆಂದು ಐದು ತಿಂಗಳಿಂದ ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದೇನೆ. ಅಳು ನಿಂತಿದೆ, ನಿದ್ದೆ ಬರುತ್ತಿದೆ. ಆದರೆ ಯಜಮಾನರು ಮಳೆಯಲ್ಲಿ ನೆಂದು ತೋಟದಿಂದ ಬಂದರೆ ಟವೆಲ್ ಹಿಡಿದು ಜಗುಲಿಗೆ ಓಡುತ್ತಿದ್ದವಳಿಗೆ ಈಗ ಏನೂ ಅನ್ನಿಸುವುದಿಲ್ಲ. ಮಾತ್ರೆ ಬಿಟ್ಟುಬಿಡಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಥಟ್ಟನೆ ಬಿಡಬೇಡಿ ತಾಯಿ. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು, ಸಿಡುಕು ಬರಬಹುದು; ಖಿನ್ನತೆಯೂ ಮರಳಬಹುದು.

ಈ ಮಾತ್ರೆ ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಕೊರಗು ಇಳಿಯುತ್ತದೆ. ಜೊತೆಗೇ ಸೆಳೆತ, ಹಂಬಲಗಳನ್ನು ನಡೆಸುವ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕದ ಹಾದಿ ಕೆಲವರಲ್ಲಿ ಮಂಕಾಗಬಹುದು. ಲೈಂಗಿಕ ಆಸಕ್ತಿ ಕುಗ್ಗುವುದಂತೂ ಸಾಮಾನ್ಯ. 1999ರಲ್ಲಿ ಇಟಲಿಯ ಪೀಸಾದಲ್ಲಿ, ಹೊಸದಾಗಿ ಪ್ರೀತಿಗೆ ಬಿದ್ದ 20 ಮಂದಿಯ ರಕ್ತ ಪರೀಕ್ಷಿಸಿದಾಗ ಸೆರೊಟೋನಿನ್ ಸಾಗಿಸುವ ಪ್ರೋಟೀನ್ ಗೀಳುರೋಗಿಗಳಲ್ಲಿದ್ದಂತೆಯೇ ಕಡಿಮೆಯಿತ್ತು. ಪ್ರೀತಿಗೂ ಸೆರೊಟೋನಿನ್‌ಗೂ ನಂಟಿರಬಹುದು ಎನ್ನುವ ಸುಳಿವಿದು; ಆದರೆ ಪುಟ್ಟ ಅಧ್ಯಯನವದು. ಮಾತ್ರೆ ಪ್ರೀತಿಯನ್ನೇ ಕೊಲ್ಲುತ್ತದೆ ಎನ್ನಲು ಅದು ಸಾಲದು.

ಇದು ಮಾತ್ರೆಯದೋ, ಉಳಿದ ಖಿನ್ನತೆಯದೋ? ದುಃಖದ ಸುದ್ದಿ ಕೇಳಿದರೂ ಕಣ್ಣು ತುಂಬದಿದ್ದರೆ, ಈ ಬದಲಾವಣೆ ಮಾತ್ರೆ ಶುರುವಾದ ಮೇಲೆ ಅಥವಾ ಡೋಸ್ ಏರಿದ ಮೇಲೆ ಬಂದಿದ್ದರೆ ಮಾತ್ರೆಯ ಮೇಲೆ ಅನುಮಾನ. ದಣಿವು, ನಿರಾಶೆ ಇನ್ನೂ ಇದ್ದರೆ ಖಿನ್ನತೆಯೇ ಪೂರ್ತಿ ಹೋಗಿರಲಿಕ್ಕಿಲ್ಲ. ಎರಡು ವಾರ ದಿನವೂ ಮನಸ್ಸಿಗೆ ಅನ್ನಿಸಿದ್ದನ್ನು ಒಂದು ಸಾಲು ಬರೆದಿಟ್ಟು ವೈದ್ಯರಿಗೆ ತೋರಿಸಿ. ನಾಚಿಕೆಯಿಂದ ಮುಚ್ಚಿಟ್ಟರೆ ಅವರಿಗೆ ತಿಳಿಯುವುದೇ ಇಲ್ಲ. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಅವರು ಡೋಸ್ ಇಳಿಸಬಹುದು, ಬುಪ್ರೊಪಿಯಾನ್ ಎಂಬ ಬೇರೆ ಖಿನ್ನತೆಯ ಮಾತ್ರೆಗೆ ಬದಲಿಸಬಹುದು (ಫಿಟ್ಸ್ ಇದ್ದವರಿಗೆ ಅದು ಸಲ್ಲದು). ಯಜಮಾನರಿಗೂ ಇಂದೇ ಹೇಳಿ, ಇಲ್ಲದಿದ್ದರೆ ಅವರು ತಮ್ಮದೇ ತಪ್ಪೆಂದುಕೊಳ್ಳುತ್ತಾರೆ. ಜೀವ ಬೇಡವೆನಿಸಿದರೆ ಕಾಯದೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.