ಕ್ರೈಸ್ತರು ನಂಬಿಕೆಗೆ ಪುರಾವೆ ಏಕೆ ಹುಡುಕುತ್ತಾರೆ? ನಂಬಿಕೆಯೊಂದೇ ಸಾಲದೇ?

ಸಾಲದು, ಏಕೆಂದರೆ ಆ ಧರ್ಮ ನಿಂತಿರುವುದೇ ಒಂದು ಘಟನೆಯ ಮೇಲೆ. ಯೇಸು ಸತ್ತು ಮತ್ತೆ ಎದ್ದದ್ದು ಸುಳ್ಳಾದರೆ ನಂಬಿಕೆಯೇ ವ್ಯರ್ಥ ಎಂದು ಆದಿಕಾಲದ ಕ್ರೈಸ್ತ ಪ್ರಚಾರಕ ಪೌಲನೇ ಗ್ರೀಸಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಹೇಳಿದ್ದಾನೆ. ಎದ್ದವನನ್ನು ಐನೂರಕ್ಕೂ ಹೆಚ್ಚು ಜನ ಕಂಡರು, ಅವರಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಬೇಕಿದ್ದರೆ ಕೇಳಿ ನೋಡಿ ಎಂಬ ಧಾಟಿ ಅದು.

ಪುರಾವೆ ಎಷ್ಟು ದೂರ ಬರುತ್ತದೆ? ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನೇ ನೋಡಿ. ಮೇಗುಟಿ ಜಿನಾಲಯದ ಗೋಡೆಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿಯಿಂದ ಹರ್ಷನ ಹರ್ಷವೇ ಅಡಗಿತೆಂದು ಹೊಗಳುತ್ತಾನೆ. ಆಶ್ರಯದಲ್ಲಿದ್ದ ಕವಿಯ ಮಾತು, ನಿಜ. ಆದರೆ ಪುಲಕೇಶಿ ಹರ್ಷನಿಗೆ ಮಣಿಯಲಿಲ್ಲವೆಂದು ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಬರೆದದ್ದರಿಂದ ಅದಕ್ಕೆ ತೂಕ ಬಂತು. ಯೇಸುವಿನ ಮರಣದಂಡನೆಗೂ ಇಂಥ ಹೊರಗಿನ ಸಾಕ್ಷಿ ಇದೆ: ಕ್ರೈಸ್ತರನ್ನು ಹಳಿದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಅದನ್ನು ದಾಖಲಿಸಿದ್ದಾನೆ.

ಪುನರುತ್ಥಾನಕ್ಕೆ ಹಾಗಿಲ್ಲ. ಶಿಷ್ಯರು ಅದನ್ನು ಮನಸಾರೆ ನಂಬಿದ್ದರು ಎಂಬಲ್ಲಿಗೆ ಇತಿಹಾಸ ನಿಲ್ಲುತ್ತದೆ. ಮುಂದಿನದನ್ನು, ಸತ್ತವನನ್ನು ಎಬ್ಬಿಸಬಲ್ಲ ದೇವರಿದ್ದಾನೆಯೇ ಎಂಬುದಕ್ಕೆ ನೀವು ಮೊದಲೇ ಕೊಟ್ಟುಕೊಂಡಿರುವ ಉತ್ತರ ನಿರ್ಧರಿಸುತ್ತದೆ. ಅದನ್ನು ಮುಚ್ಚಿಟ್ಟು ವಾದಿಸುವುದು, ಯಾರೇ ಮಾಡಲಿ, ನನಗೆ ಸರಿಕಾಣುವುದಿಲ್ಲ.