ಬಿಲ್ಲಿಗೆ ಕೊಟ್ಟ ನಂಬರ್‌ಗೆ ಆಫರ್ ಮೆಸೇಜ್ ಕಳಿಸಬಹುದೇ?

ಪ್ರಶ್ನೆ: ನಮ್ಮದು ಸೀರೆ ಅಂಗಡಿ. ಬಿಲ್ ಹಾಕುವಾಗ ಬರೆದುಕೊಂಡ ಗಿರಾಕಿಗಳ ಮೊಬೈಲ್ ನಂಬರ್ ಸುಮಾರು 4 ಸಾವಿರ ಇವೆ. ಗೌರಿ ಹಬ್ಬದ ಆಫರ್ ಮೆಸೇಜನ್ನು ನನ್ನ ಸಿಮ್‌ನಿಂದಲೇ ದಿನಕ್ಕಿಷ್ಟು ಅಂತ ಕಳಿಸೋಣ ಎಂದರೆ ಮಗ ಬೇಡ ಅಂತಾನೆ. ಕಲ್ಯಾಣ ಮಂಟಪ ನಡೆಸುವ ಸ್ನೇಹಿತರು ಮದುವೆ ಪಾರ್ಟಿಗಳ ನಂಬರ್ ಕೊಡ್ತೀನಿ ಅಂದಿದ್ದಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮದ ಪ್ರಕಾರ ಸಾಮಾನ್ಯ ಸಿಮ್‌ನಿಂದ ಪ್ರಚಾರ ಮಾಡುವಂತಿಲ್ಲ. 2025ರ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿದೆ. 10 ದಿನದಲ್ಲಿ 5 ಜನ ದೂರು ಕೊಟ್ಟರೆ ಸಾಕು, ನಿಮ್ಮ ನಂಬರ್ ಮೇಲೆ ಕ್ರಮ ಶುರುವಾಗುತ್ತದೆ. ಮೊದಲ ಸಲ 15 ದಿನ ಹೊರಹೋಗುವ ಕರೆ, ಮೆಸೇಜ್ ಬಂದ್. ಹಬ್ಬದ ಸೀಜನ್‌ನಲ್ಲಿ ಅಂಗಡಿ ಫೋನ್ ಹೀಗಾದರೆ ವ್ಯಾಪಾರಕ್ಕೇ ಪೆಟ್ಟು ಅಲ್ವಾ?

ಸರಿಯಾದ ದಾರಿ ಡಿಎಲ್‌ಟಿ ನೋಂದಣಿ, ಅಂದರೆ ವ್ಯಾಪಾರದ ಮೆಸೇಜ್ ಕಳಿಸುವವರನ್ನು ಮೊಬೈಲ್ ಕಂಪನಿಗಳು ದಾಖಲಿಸಿಕೊಳ್ಳುವ ವ್ಯವಸ್ಥೆ. ಯಾವುದಾದರೂ ಒಂದು ಮೊಬೈಲ್ ಕಂಪನಿಯ ಪೋರ್ಟಲ್‌ನಲ್ಲಿ ಅಂಗಡಿಯ ಹೆಸರು, ಹೆಡರ್ (ಮೆಸೇಜ್ ಯಾರಿಂದ ಬಂತೆಂದು ತೋರಿಸುವ ಗುರುತು), ಕಳಿಸಬೇಕಾದ ಮೆಸೇಜಿನ ಟೆಂಪ್ಲೇಟ್ ನೋಂದಾಯಿಸಿ. ಬಲ್ಕ್ ಎಸ್‌ಎಂಎಸ್ ಏಜೆನ್ಸಿಯವರು ಇದನ್ನು ಮಾಡಿಕೊಡುತ್ತಾರೆ. ಟೆಂಪ್ಲೇಟ್ ಬರೆಯುವಾಗ ಮಾತ್ರ ನೀವೇ ಪಕ್ಕದಲ್ಲಿ ಕೂತಿರಿ. ‘ನಿಮ್ಮ ಸೀರೆಗೆ ಕುಚ್ಚು ಹಾಕಿ ಆಗಿದೆ, ಬಂದು ತೆಗೆದುಕೊಳ್ಳಿ’ ಎನ್ನುವುದು ಸೇವೆಯ ಮೆಸೇಜ್. ಅದರ ಬಾಲಕ್ಕೆ ‘ಹಬ್ಬಕ್ಕೆ ಶೇ. 20 ರಿಯಾಯಿತಿ’ ಅಂತ ಸೇರಿಸಿದಿರೋ, ಅದು ಪ್ರಚಾರವಾಯಿತು. ಎರಡನ್ನೂ ಬೆರೆಸಬೇಡಿ. ಈಗ ಹೆಡರ್ ಕೊನೆಯಲ್ಲಿ ಪ್ರಚಾರಕ್ಕೆ ‘ಪಿ’, ಸೇವೆಗೆ ‘ಎಸ್’ ಅಕ್ಷರ ಬರುತ್ತದೆ, ಗಿರಾಕಿಗೂ ಗೊತ್ತಾಗುತ್ತದೆ. ಡಿಎನ್‌ಡಿ (ಪ್ರಚಾರದ ಕರೆ, ಮೆಸೇಜ್ ಬೇಡ ಎನ್ನುವ ನೋಂದಣಿ) ಹಾಕಿಸಿಕೊಂಡವರು ನಿಮಗೆ ಒಪ್ಪಿಗೆ ಕೊಟ್ಟ ದಾಖಲೆ ಇಲ್ಲದಿದ್ದರೆ, ಅವರಿಗೆ ಪ್ರಚಾರದ ಮೆಸೇಜ್ ಹೋಗುವುದೇ ಇಲ್ಲ.

ಇನ್ನು ಆ 4 ಸಾವಿರ ನಂಬರ್. ನನಗೆ ಮುಖ್ಯ ಅನ್ನಿಸುವುದು ಇದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ಗಿರಾಕಿ ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು, ರಸೀದಿ ಮೊಬೈಲ್‌ಗೆ ಕಳಿಸಿ ಅಂತ ನಂಬರ್ ಕೊಡುತ್ತಾರೆ. ಅಂಗಡಿಯವರು ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು. ನಿಮ್ಮ ಅಂಗಡಿಗೂ ಇದೇ ಲೆಕ್ಕ. ಬಿಲ್ಲಿಗೆ ಅಂತ ಕೊಟ್ಟ ನಂಬರ್ ಆಫರ್‌ಗೆ ಕೊಟ್ಟದ್ದಲ್ಲ. ಕಾಯ್ದೆಯ ಒಪ್ಪಿಗೆ ಭಾಗ ಜಾರಿಗೆ ಬರಲು 2025ರ ನವೆಂಬರ್‌ನಲ್ಲಿ ಹೊರಬಿದ್ದ ನಿಯಮಗಳು 18 ತಿಂಗಳ ಸಮಯ ಕೊಟ್ಟಿವೆ. ಅಲ್ಲಿಯವರೆಗೆ ಸುಮ್ನೆ ಕಾಯಬೇಡಿ, ಈಗಲೇ ಕೌಂಟರ್‌ನಲ್ಲಿ ಒಂದು ಚೀಟಿ ಇಡಿ. ಕನ್ನಡದಲ್ಲೇ ಇರಲಿ:

‘ಹೊಸ ಸೀರೆ ಬಂದಾಗ, ರಿಯಾಯಿತಿ ಇದ್ದಾಗ ನನಗೆ ಮೆಸೇಜ್ ಕಳಿಸಬಹುದು. ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಲು ಹೇಳಬಹುದು.’

ಪಕ್ಕದಲ್ಲಿ ಖಾಲಿ ಚೌಕ. ಟಿಕ್ ಮಾಡುವುದು ಗಿರಾಕಿಯೇ, ಸೇಲ್ಸ್ ಹುಡುಗರಲ್ಲ. ಟಿಕ್ ಮಾಡದವರಿಗೂ ಬಿಲ್ ಕೊಡಲೇಬೇಕು. ನಂಬರ್ ಕೊಡದಿದ್ದರೆ ಬಿಲ್ ಆಗಲ್ಲ ಅನ್ನಬಾರದು ಎಂದು 2023ರಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ತಿಳಿಹೇಳಿದೆ. ಚೀಟಿಗಳನ್ನು ತಾರೀಖು ಹಾಕಿ ಫೈಲ್ ಮಾಡಿ, ಒಪ್ಪಿಗೆಯನ್ನು ಡಿಎಲ್‌ಟಿಯಲ್ಲೂ ದಾಖಲಿಸುವುದು ಹೇಗೆಂದು ಏಜೆನ್ಸಿಯವರನ್ನು ಕೇಳಿ. ಹಳೆಯ ಗಿರಾಕಿಗಳು ಅಂಗಡಿಗೆ ಬಂದಾಗ ಅವರನ್ನೂ ಕೇಳಿ. 4 ಸಾವಿರದಲ್ಲಿ ಕೆಲವೇ ನೂರು ಜನ ಒಪ್ಪಿದರೂ ಬೇಜಾರು ಬೇಡ. ಬೇಕು ಅಂತ ಹೇಳಿದವರು ಮೆಸೇಜ್ ಓದುತ್ತಾರೆ.

ಕಲ್ಯಾಣ ಮಂಟಪದ ಪಟ್ಟಿ ಮುಟ್ಟಬೇಡಿ. ಆ ಕುಟುಂಬಗಳು ನಂಬರ್ ಕೊಟ್ಟದ್ದು ಮಂಟಪ ಬುಕ್ ಮಾಡಲು. ಅದನ್ನು ಹಂಚಿಕೊಳ್ಳುವ ಹಕ್ಕು ನಿಮ್ಮ ಸ್ನೇಹಿತರಿಗೂ ಇಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಉಪ್ಪಿನಕಾಯಿ ಮಾರುತ್ತೇನೆ. ಪ್ರಚಾರದ ಇಮೇಲ್‌ನಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಕೊಡಲೇಬೇಕಾ? ಕೊಟ್ಟರೆ ಎಲ್ಲರೂ ಬಿಟ್ಟುಹೋಗ್ತಾರೆ ಅಂತ ಭಯ.
– ಓದುಗರು, ಉಡುಪಿ

ಉತ್ತರ: ಕೊಡಿ, ಎದ್ದು ಕಾಣುವ ಹಾಗೆ ಕೊಡಿ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5 ಸಾವಿರಕ್ಕಿಂತ ಜಾಸ್ತಿ ಇಮೇಲ್ ಕಳಿಸುವವರು ಪ್ರಚಾರದ ಇಮೇಲ್‌ನಲ್ಲಿ ಒಂದೇ ಕ್ಲಿಕ್ಕಿಗೆ ಹೊರಹೋಗುವ ದಾರಿ ಕೊಡಬೇಕು ಎಂದು 2024ರಲ್ಲಿ ಗೂಗಲ್ ನಿಯಮ ಮಾಡಿದೆ. ನಿಮ್ಮದು ಅಷ್ಟು ದೊಡ್ಡದಲ್ಲದಿರಬಹುದು. ಆದರೆ ಹೊರಹೋಗುವ ದಾರಿ ಸಿಗದವರು ‘ಸ್ಪ್ಯಾಮ್’ ಬಟನ್ ಒತ್ತುತ್ತಾರೆ. ಹಾಗೆ ಒತ್ತುವವರು ಹೆಚ್ಚಾದರೆ, ನಿಮ್ಮ ಮಾವಿನಮಿಡಿಗಾಗಿ ಕಾದು ಕೂತವರಿಗೆ ಕಳಿಸಿದ ಇಮೇಲ್ ಕೂಡ ಸ್ಪ್ಯಾಮ್ ಫೋಲ್ಡರ್ ಸೇರುತ್ತದೆ.